ಗಡಸು ಕಿರಣ

ಅಮ್ಮ ಇವತ್ತು ತಮ್ಮನ ಮನೆಗೇ ಇರಲು ಹೋಗುತ್ತಾಳೆ ಅನ್ನುವುದೊಂದನ್ನು ಬಿಟ್ಟರೆ ಅದು ಮಾಮೂಲಿ ದಿನವೇ ಆಗಿತ್ತು. ಕಚೇರಿಯ ಲಿಫ್ಟು ಕೆಟ್ಟಿತ್ತು, ಕಾರಿಡಾರಿನಲ್ಲಿ ಫಿನಾಯಿಲ್ ವಾಸನೆ ಇತ್ತು, ಸಭೆಯ ಕೋಣೆಯ ಪ್ರೊಜೆಕ್ಟರು ಬಿಸಿಯಾಗುವುದಕ್ಕೆ ಎಂದಿನಂತೆ ತನ್ನ ಹೊತ್ತನ್ನು ತಾನು ತೆಗೆದುಕೊಳ್ಳುತ್ತಿತ್ತು. ಅವಳು ಎರಡನೇ ಸಾಲಿನಲ್ಲಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕೂತು, ಬೆಳಿಗ್ಗೆ ಅಮ್ಮ ಹೇಳಿದ ಮಾತನ್ನು ಹಲ್ಲಿನ ಸಂದಿಗೆ ಸಿಕ್ಕಿಕೊಂಡ ನಾರಿನ ಹಾಗೆ ಮತ್ತೆ ಮತ್ತೆ ತಡವುತ್ತಿದ್ದಳು. "ನೀನೇನೂ ಬೇಗ ಬರೋದು ಬೇಡ, ನಿನ್ನ ಕೆಲಸ ನೋಡ್ಕೋ. ನಾನೇನು ಮದುಮಗಳಾ, ನಿಂತು ಕಳಿಸಿಕೊಡೋಕೆ?" ಅಂದಿದ್ದಳು ಅಮ್ಮ, ಒಗೆದ ಬಟ್ಟೆ ಮಡಚುತ್ತಾ, ಮುಖ ಎತ್ತದೆ. ಅಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ "ಹಾಲಿಗೆ ಮುಚ್ಚಳ ಹಾಕಿದ್ದು ಯಾರು?" ಎಂದು ಕೂಗಿದ್ದರು. "ನಾನೇ ಹಾಕಿದ್ದು. ನಾಳೆಯಿಂದ ತೆಗೆದೇ ಇಟ್ಕೊಳ್ಳಿ, ನೊಣಕ್ಕೂ ಒಂದು ಅನುಕೂಲ ಆಗುತ್ತೆ" ಎಂದು ಅಮ್ಮ ಅಲ್ಲಿಂದಲೇ ಉತ್ತರ ಕೊಟ್ಟಳು. ಗಂಡ ಶೂ ಹಾಕಿಕೊಳ್ಳುತ್ತಾ, ಕಿವಿ ಕೇಳಿಸದವನ ಹಾಗೆ ಲೇಸಿನ ಗಂಟನ್ನೇ ನೋಡುತ್ತಿದ್ದ. ಇಬ್ಬರು ಬೀಗಿತ್ತಿಯರು ಒಂದೇ ಮನೆಯಲ್ಲಿರುವ ಈ ಎರಡು ವರ್ಷದಲ್ಲಿ ಅವನು ಕಲಿತ ದೊಡ್ಡ ವಿದ್ಯೆ ಅದು. ಅವಳು ಏನು ಮಾಡಿದಳು? "ಸರಿ ಅಮ್ಮ" ಅಂದು ಬ್ಯಾಗು ಹೆಗಲಿಗೇರಿಸಿ ಬಂದಳು. ಬೇಗ ಬರಬೇಡ ಅಂದಳು, ಬೇಗ ಬರುವುದಿಲ್ಲ, ಅಷ್ಟೇ. ಹೇಳಿದ ಮಾತನ್ನು ಹೇಳಿದ ಹಾಗೇ ತೆಗೆದುಕೊಳ್ಳುವವಳು ನಾನು ಎಂದು ಬಸ್ಸಿನಲ್ಲಿ ತನಗೆ ತಾನೇ ಹೇಳಿಕೊಂಡಿದ್ದಳು.

ಎರಡು ಗೆಲಾಕ್ಸಿಗಳು ಒಂದರೊಳಗೊಂದು ಸೇರಿಕೊಳ್ಳುವುದನ್ನು ನೋಡುವುದು ಅವಳ ಉದ್ಯೋಗ. ಹಾಗೆಂದರೆ ಜನ ಡಿಕ್ಕಿ, ಬೆಂಕಿ, ಸಿಡಿತ ಎಂದುಕೊಳ್ಳುತ್ತಾರೆ. ಅಂಥದ್ದೇನೂ ಇಲ್ಲ. ನಕ್ಷತ್ರಗಳ ನಡುವೆ ಎಷ್ಟು ಜಾಗ ಇರುತ್ತದೆಂದರೆ ಒಂದು ಇನ್ನೊಂದಕ್ಕೆ ತಾಗುವುದೇ ಇಲ್ಲ, ರೈಲು ನಿಲ್ದಾಣದಲ್ಲಿ ಗುರುತಿಲ್ಲದ ಜನ ದಾಟಿದ ಹಾಗೆ ದಾಟಿಕೊಂಡು ಹೋಗುತ್ತವೆ. ರಂಪವೆಲ್ಲ ನಡುಮನೆಯಲ್ಲಿ. ಒಂದೊಂದು ಗೆಲಾಕ್ಸಿಯ ನಡುವೆಯೂ ಒಂದೊಂದು ಕಪ್ಪುಕುಳಿ ಉಪವಾಸ ಕೂತಿರುತ್ತದೆ. ಎರಡು ಸೇರುವ ಗಡಿಬಿಡಿಯಲ್ಲಿ ಅನಿಲ, ಧೂಳು ಎಲ್ಲ ಕಾಲು ಜಾರಿ ನಡುವಿಗೆ ಇಳಿಯುತ್ತದೆ, ಉಪವಾಸವಿದ್ದದ್ದಕ್ಕೆ ಊಟ ಸಿಗುತ್ತದೆ, ಬೀಳುವುದೆಲ್ಲ ಕಾದು ಉರಿದು ಕ್ಷ-ಕಿರಣ ಸೂಸುತ್ತದೆ. ಒಂದೇ ಮನೆಯಲ್ಲಿ ಎರಡು ಉರಿಯುವ ಕೇಂದ್ರಗಳು ಕೋಟಿಗಟ್ಟಲೆ ವರ್ಷ ಒಂದನ್ನೊಂದು ಸುತ್ತುತ್ತವೆ. "ಇದನ್ನ ನೋಡೋಕೆ ಆಕಾಶಕ್ಕೆ ದುರ್ಬೀನು ಕಳಿಸಬೇಕಾ? ನಿಮ್ಮನೆಗೆ ಒಂದು ಸ್ಟೂಲು ಹಾಕ್ಕೊಂಡು ಕೂತ್ರೆ ಸಾಲದಾ?" ಎಂದು ಸಹೋದ್ಯೋಗಿಗಳು ತಮಾಷೆ ಮಾಡುತ್ತಿದ್ದರು. ಅವಳೂ ನಗುತ್ತಿದ್ದಳು. ನಕ್ಕು ಮನೆಯ ಕಥೆ ಒಂದಿಷ್ಟು ಹೇಳಿಯೂಬಿಡುತ್ತಿದ್ದಳು: ಫ್ಯಾನು ಮೂರರಲ್ಲಿರಬೇಕೋ ಎರಡರಲ್ಲಿರಬೇಕೋ, ಪರದೆ ಸರಿಸಬೇಕೋ ಬೇಡವೋ. ಒಂದು ಒರೆಗೆ ಎರಡು ಕತ್ತಿ ಎಂದು ಯಾರಾದರೂ ಅಂದರೆ, ಒರೆ ನಾನೇ ಕಣ್ರೀ, ಚುಚ್ಚಿಸಿಕೊಳ್ಳೋಳೂ ನಾನೇ, ಎಂದು ಚಪ್ಪಾಳೆ ಗಿಟ್ಟಿಸುತ್ತಿದ್ದಳು.

ಮುಖ್ಯಸ್ಥರು ಅವಳ ಕಡೆ ತಿರುಗಿ, "ಪಟ್ಟೀಲಿ ನಿಮ್ಮ ಏಳನೆಯ ಜೋಡಿ ಏನಾಯ್ತು?" ಎಂದರು. ದುರ್ಬೀನಿನಲ್ಲಿ ಇನ್ನೂ ದೀರ್ಘಕಾಲ ನೋಡಲು ಯಾವ ಯಾವ ಗೆಲಾಕ್ಸಿಗೆ ಸಮಯ ಕೇಳಬೇಕು ಎಂಬುದು ಇವತ್ತು ಇತ್ಯರ್ಥವಾಗಬೇಕಿತ್ತು. ಅವಳು ಎದ್ದು ನಿಂತಳು. ಪರದೆಯ ಮೇಲೆ ಎರಡು ಗೆಲಾಕ್ಸಿಗಳು ಬಾಲ ಕಟ್ಟಿಕೊಂಡು ಒರಗಿದ್ದವು. ನಡುವೆ ಒಂದು ಕಡೆ ಕ್ಷ-ಕಿರಣದ ಒಂದು ಬೊಟ್ಟು, ಇನ್ನೊಂದು ಕಡೆ ಖಾಲಿ. "ಉರೀತಿರೋದು ಒಂದೇ ಕೇಂದ್ರ. ಇನ್ನೊಂದು ತಣ್ಣಗಿದೆ. ಸಮಯ ಕೇಳೋ ಅಗತ್ಯ ಇಲ್ಲ, ಪಟ್ಟಿಯಿಂದ ಬಿಟ್ಟುಬಿಡೋಣ" ಎಂದಳು, ಇಷ್ಟೇ ಇಷ್ಟು ಎನ್ನುವ ಧ್ವನಿಯಲ್ಲಿ. ಆಗ ಹಿಂದಿನ ಸಾಲಿನಿಂದ 'ಪುರಾವೆ' ಕೆಮ್ಮಿದ. ಯಾರೇನು ಹೇಳಿದರೂ "ಪುರಾವೆ ಎಲ್ಲಿದೆ?" ಎಂದು ಕೇಳುವುದರಿಂದ ಅವನಿಗೆ ಆ ಹೆಸರು, ಅವಳಿಗಿಂತ ನಾಲ್ಕಾರು ವರ್ಷ ಚಿಕ್ಕವನು, ಕೆಟ್ಟವನಲ್ಲ, ಆದರೆ ಅವನ ಕೆಮ್ಮು ಕೇಳಿದರೆ ಇಡೀ ವಿಭಾಗಕ್ಕೆ ಮೈ ಜುಮ್ಮೆನ್ನುತ್ತದೆ. "ಮೇಡಂ, ನೀವು ಯಾವ ಶಕ್ತಿಯವರೆಗಿನ ಕಿರಣ ತಗೊಂಡಿದ್ದೀರಿ?" ಎಂದ. ಅವಳು ಹೇಳಿದಳು. ಹೇಳುತ್ತಿರುವಾಗಲೇ ತನ್ನ ತಪ್ಪು ತನಗೇ ಕಂಡು ಕಿವಿ ಬಿಸಿಯಾಯಿತು. "ಅಲ್ಲಿಗೇ ಕತ್ತರಿಸಿಬಿಟ್ಟಿದ್ದೀರಲ್ಲ. ಅದಕ್ಕಿಂತ ಹೆಚ್ಚು ಶಕ್ತಿಯ ಗಡಸು ಕಿರಣ ಎಲ್ಲ ಬಿಸಾಕಿದ್ರೆ ಇನ್ನೊಂದು ಹೇಗೆ ಕಾಣುತ್ತೆ? ನಾನು ನಿನ್ನೆ ಸುಮ್ನೆ ನೋಡ್ದೆ." ಅವನು ತನ್ನ ಚಿತ್ರ ಹಾಕಿದ. ಖಾಲಿಯಿದ್ದ ಜಾಗದಲ್ಲಿ ಸಣ್ಣ ಚುಕ್ಕೆಗಳು ಒತ್ತಾಗಿ ಕೂತಿದ್ದವು. ಬೆರಳೆಣಿಕೆಯಷ್ಟೇ, ಆದರೆ ಇದ್ದವು. ಯಾರೋ "ಅಯ್ಯೋ" ಎಂದರು. ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿಕೊಂಡರು; ಬೇರೆಯವರ ಮಾನ ಹೋಗುವಾಗ ಅವರು ಹಾಗೆ ಮಾಡುತ್ತಾರೆ, ಒಳ್ಳೆಯ ಮನುಷ್ಯ. ಅವಳು "ಹೌದು, ಹೌದು, ಸರಿ, ಮತ್ತೊಂದು ಸಲ ನೋಡ್ತೀನಿ" ಎಂದು ಕೂತಳು. ಕೂತ ಮೇಲೆ ಲ್ಯಾಪ್‌ಟಾಪಿನ ತಂತಿ ಕಾಲಿಗೆ ಸುತ್ತಿಕೊಂಡಿರುವುದು ತಿಳಿಯಿತು. ಬಿಡಿಸಿಕೊಳ್ಳಲು ಬಗ್ಗಿದವಳು ಬೇಕೆಂದೇ ಸ್ವಲ್ಪ ಹೊತ್ತು ಬಗ್ಗಿಯೇ ಇದ್ದಳು.

ಸಭೆ ಮುಗಿದು ತನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು. ಇಂಥ ತಪ್ಪು ಹೊಸಬರು ಮಾಡುವುದಿಲ್ಲ. ಅವರಿಗೆ ಭಯವಿರುತ್ತದೆ, ಪ್ರತಿಯೊಂದನ್ನೂ ಎರಡು ಸಲ ನೋಡುತ್ತಾರೆ. ಇದು ಪಳಗಿದ ಕೈಯ ತಪ್ಪು. ಗಡಸು ತುದಿಯಲ್ಲಿ ಯಂತ್ರದ ಸ್ವಂತ ಗದ್ದಲವೇ ಹೆಚ್ಚು, ಹಾಗಾಗಿ ಆ ತುದಿಯನ್ನು ಕತ್ತರಿಸಿಬಿಡು ಎಂದು ಯಾವುದೋ ಕಾಲದಲ್ಲಿ ಬರೆದಿಟ್ಟ ಪ್ರೋಗ್ರಾಮು; ಧೂಳಿಲ್ಲದ, ಬೆಳಗುವ ಕೇಂದ್ರಗಳಿಗೆ ಅದೇ ಸರಿಯಾಗಿತ್ತು. ಅದನ್ನೇ ಧೂಳಿನಲ್ಲಿ ಮುಳುಗಿದ್ದಕ್ಕೂ ಓಡಿಸಿದ್ದಳು. ಧೂಳಿನ ಗುಣ ಅವಳಿಗೆ ಗೊತ್ತಿಲ್ಲದ್ದಾ? ಹತ್ತು ಕಡೆ ಭಾಷಣ ಮಾಡಿದ್ದಾಳೆ. ಒಳಗಿನಿಂದ ಮೆದು ಕಿರಣವೂ ಹೊರಡುತ್ತದೆ, ಗಡಸು ಕಿರಣವೂ ಹೊರಡುತ್ತದೆ. ಮೆದುವಾದದ್ದು ದಾರಿಯಲ್ಲೇ ಧೂಳಿಗೆ ಇಂಗಿಹೋಗುತ್ತದೆ, ಗಡಸಾದದ್ದು ಮಾತ್ರ ತೂರಿಕೊಂಡು ನಮ್ಮವರೆಗೆ ಬರುತ್ತದೆ. ಆ 'ಗಡಸು' ಅನ್ನುವ ಪದ ಕೂಡ ಅವಳದ್ದಲ್ಲ. ಸಾಮಾನ್ಯ ಓದುಗರಿಗೆಂದು ಲೇಖನವೊಂದು ಬರೆದು 'ಕಠಿಣ ಕ್ಷ-ಕಿರಣ' ಎಂದು ಹಾಕಿದ್ದಾಗ, ಮೂವತ್ತು ವರ್ಷ ಮಕ್ಕಳಿಗೆ ಭಾಷೆ ಕಲಿಸಿ ನಿವೃತ್ತಳಾದ ಅಮ್ಮ ಅದನ್ನು ಓದಿ ಮೂಗು ಮುರಿದಿದ್ದಳು. "ಕಠಿಣ ಅಂದ್ರೆ ಪರೀಕ್ಷೆ. ಕಿರಣಕ್ಕೆ ಯಾವ ಪರೀಕ್ಷೆ? ಗಡಸು ಅನ್ನು. ನೀರು ಗಡಸಿರುತ್ತೆ, ದನಿ ಗಡಸಿರುತ್ತೆ, ಕಿರಣ ಯಾಕೆ ಇರಬಾರದು? ಇಷ್ಟು ಓದಿ ಒಂದು ಪದ ಸಿಗಲಿಲ್ವಾ ನಿನಗೆ?" ಪದ ಬದಲಾಯಿಸಿದಳು. ಇಡೀ ವಿಭಾಗ ಈಗ ಅದನ್ನೇ ಹೇಳುತ್ತದೆ. ಅಮ್ಮನಿಗೆ ಅದನ್ನು ಹೇಳಿದ್ದಾಳಾ? ಹೇಳಿರಬಹುದು. ಇಲ್ಲ, ಹೇಳಿಲ್ಲ. ಓದಿ ಕೊಟ್ಟದ್ದಕ್ಕೆ ಒಂದು ಥ್ಯಾಂಕ್ಸ್ ಕೂಡ ಅಂದಿರಲಿಕ್ಕಿಲ್ಲ, 'ಇಷ್ಟು ಓದಿ' ಅನ್ನುವುದಕ್ಕೆ ಮುಖ ಊದಿಸಿಕೊಂಡು ಹೋಗಿದ್ದಳು.

ಅಮ್ಮನ ಬಾಯೇ ಹಾಗೆ. ತಡವಾಗಿ ಬಂದರೆ "ಓಹೋ, ಮನೆ ದಾರಿ ನೆನಪಿತ್ತಾ?" ತಲೆ ಬಾಚಿಕೊಂಡಿಲ್ಲದಿದ್ದರೆ "ಕಾಗೆ ಮೊಟ್ಟೆ ಇಟ್ಟಿದೆಯಾ ನೋಡ್ಲಾ?" ಊಟ ಬಿಟ್ಟರೆ "ಗಾಳಿ ತಿಂದು ಬದುಕೋ ಯೋಗಿನಿ ನನ್ನ ಹೊಟ್ಟೇಲಿ ಹುಟ್ಟಿದ್ದು ನನಗೇ ಗೊತ್ತಿರಲಿಲ್ಲ." ಅವಳು ಕೇಳಿಸಿಕೊಳ್ಳುವುದನ್ನು ಎಂದೋ ಬಿಟ್ಟಿದ್ದಳು. ಕೇಳುತ್ತಾ ಕೂತರೆ ಬದುಕುವುದು ಹೇಗೆ? ಬಾಗಿಲು ತೆರೆದಾಗ ಒಳಗಿಂದ ಬರುವ ಟೀವಿಯ ಸದ್ದು, ಮಿಕ್ಸಿಯ ಸದ್ದು, ಅಮ್ಮನ ಸದ್ದು. ಹೋದ ವಾರವೂ ಹಾಗೇ ಆಗಿದ್ದು. ಅವಳು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಹರವಿಕೊಂಡು ಇದೇ ಏಳನೆಯ ಗೆಲಾಕ್ಸಿಯನ್ನು ಅಳೆಯುತ್ತಿದ್ದಳು. ಅಮ್ಮ ತಟ್ಟೆ ಒರೆಸುತ್ತಾ ಪಕ್ಕದಲ್ಲಿ ನಿಂತಳು. "ನಿನ್ನ ತಮ್ಮ ಕರೀತಿದ್ದಾನೆ. ಅಲ್ಲೇ ಇದ್ದುಬಿಡು ಅಂತಾನೆ. ಹೋಗ್ಲಾ?" ಎಂದಳು. "ನಿನ್ನಿಷ್ಟ ಅಮ್ಮ" ಎಂದಳು ಅವಳು, ಪರದೆಯಿಂದ ಕಣ್ಣು ತೆಗೆಯದೆ. ಅದು ಗೌರವದ ಮಾತು ತಾನೆ? ಅಮ್ಮನ ಇಷ್ಟಕ್ಕೆ ಅಡ್ಡ ಬರಬಾರದೆಂದೇ ಹೇಳಿದ್ದು ತಾನೆ? ಆವತ್ತಿನಿಂದ ಎಷ್ಟು ಸಲ ಹೀಗೆ ವಾದ ಮಾಡಿದ್ದಾಳೆ, ಎದುರು ವಕೀಲನೇ ಇಲ್ಲದ ಕೋರ್ಟಿನಲ್ಲಿ, ಮತ್ತು ಎಷ್ಟು ಸಲ ಸೋತಿದ್ದಾಳೆ. ನಿನ್ನಿಷ್ಟ ಅನ್ನುವುದು ಯಾರಿಗೆ? ಅಂಗಡಿಯಲ್ಲಿ ಚೌಕಾಸಿ ಮಾಡಿ ಎದ್ದು ಹೋಗುವ ಗಿರಾಕಿಗೆ. ಅಮ್ಮ ಒಂದು ತಟ್ಟೆಯನ್ನು ಒರೆಸಿ ಮುಗಿಸಿದ್ದನ್ನೇ ಮತ್ತೆ ಒರೆಸಿ, "ಹಾಗಾದ್ರೆ ಸರಿ" ಎಂದು ಒಳಗೆ ಹೋದಳು. ಆಮೇಲೆ ಫೋನಿನಲ್ಲಿ ತಮ್ಮನ ಜೊತೆ ಮಾತು ಕೇಳಿಸಿತು. ಆ ಕ್ಷಣದಲ್ಲಿ, ದೇವರಾಣೆ, ಅವಳಿಗೆ ಹಗುರಾಯಿತು. ಇಬ್ಬರಲ್ಲಿ ಒಬ್ಬರು ಹೋದರೆ ಮನೆ ತಣ್ಣಗಾಗುತ್ತದೆ ಎಂದುಕೊಂಡಳು. ಅಂದುಕೊಂಡದ್ದನ್ನು ಯಾರಿಗೂ ಹೇಳಿಲ್ಲ. ಆದರೆ ಅಮ್ಮನಿಗೆ ಅವಳ ಬೆನ್ನು ನೋಡಿದರೂ ತಿಳಿಯುತ್ತದೆ, ಚಿಕ್ಕಂದಿನಿಂದ.

ಬಾಗಿಲು ತಟ್ಟಿ 'ಪುರಾವೆ' ಒಳಗೆ ಬಂದ. ಎರಡು ಕಪ್ ಚಹಾ ತಂದಿದ್ದ, ಅದೂ ಯಂತ್ರದ್ದಲ್ಲ, ಹೊರಗಿನ ಅಂಗಡಿಯದ್ದು. ಇದು ಕ್ಷಮೆ ಕೇಳುವ ಚಹಾ ಎಂದು ಅವಳಿಗೆ ಗೊತ್ತಾಯಿತು. "ಎಲ್ಲರೆದುರು ಹೇಳಬಾರದಿತ್ತು ಮೇಡಂ. ನನ್ನ ಹೆಂಡತೀನೂ ಹೇಳ್ತಾಳೆ, ನಿಮ್ಮ ಬಾಯಿಗೊಂದು ಬ್ರೇಕ್ ಹಾಕಿಸ್ಬೇಕು ಅಂತ."

"ಹೇಳಿದ್ದು ಸರಿಯಾಗೇ ಇತ್ತಲ್ಲ, ಬಿಡಿ" ಎಂದಳು. "ಆ ತುದೀಲಿರೋದೆಲ್ಲ ಗದ್ದಲ ಅಂದ್ಕೊಂಡೆ ನಾನು."

"ಯಾರಾದ್ರೂ ಹಾಗೇ ಅಂದ್ಕೋತಾರೆ. ಗದ್ದಲ ಇದೆ ಕೂಡ." ಅವನು ಕುರ್ಚಿ ಎಳೆದುಕೊಂಡು ಅವಳ ಪರದೆಯತ್ತ ಬೆರಳು ತೋರಿಸಿದ. "ಆದ್ರೆ ನೋಡಿ, ಗದ್ದಲ ಆದ್ರೆ ಎಲ್ಲಾ ಕಡೆ ಚೆಲ್ಲಾಡಿರುತ್ತೆ. ಇಲ್ಲೊಂದು, ಅಲ್ಲೊಂದು. ಗದ್ದಲಕ್ಕೆ ವಿಳಾಸ ಇರಲ್ಲ. ಇದು ಹಾಗಲ್ಲ, ಇರೋದು ಕಮ್ಮಿ, ಆದ್ರೆ ಎಲ್ಲಾ ಒಂದೇ ಜಾಗಕ್ಕೆ ಸೇರಿದ್ದು."

"ಹೂಂ" ಎಂದಳು. ಅವನು ಇನ್ನೇನೋ ಹೇಳುತ್ತಿದ್ದ, ಸಮಯ ಎಷ್ಟು ಕೇಳಬೇಕು, ಯಾರ ಹೆಸರಲ್ಲಿ ಕೇಳಬೇಕು ಎಂದು. ಅವಳು ಚಹಾ ಹಿಡಿದುಕೊಂಡು ಪರದೆ ನೋಡುತ್ತಿದ್ದಳು. ಅಮ್ಮ ಅಳಿಯನನ್ನು ಒಂದು ದಿನ ಗದರಿದ್ದಿಲ್ಲ. ಪಕ್ಕದ ಮನೆಯವರು ಚಪ್ಪಲಿಗಳನ್ನೆಲ್ಲ ಇವರ ಬಾಗಿಲಿಗೆ ಒತ್ತಿ ಬಿಡುತ್ತಾರೆ, ಅವರ ಹತ್ತಿರ ಏನು ನಯ, ಏನು ವಿನಯ. ಕಸ ಒಯ್ಯುವವಳ ಜೊತೆ ನಗುತ್ತಾಳೆ, ತಮ್ಮನ ಹೆಂಡತಿಗೆ ಫೋನಿನಲ್ಲಿ "ಆಯ್ತು ತಾಯಿ, ಆಯ್ತು ತಾಯಿ" ಅನ್ನುತ್ತಾಳೆ. ಅತ್ತೆಯ ಜೊತೆಗಿನ ಜಗಳವಾದರೂ ಹಾಲು, ಫ್ಯಾನು, ಪರದೆ ದಾಟುವುದಿಲ್ಲ; ಸಂಜೆ ಇಬ್ಬರೂ ಒಂದೇ ಸೋಫಾದಲ್ಲಿ ಕೂತು ಧಾರಾವಾಹಿಯ ಸೊಸೆಯನ್ನು ಬೈಯುತ್ತಾರೆ. ಊಟ ಬಿಟ್ಟೆಯಾ, ತಲೆ ಬಾಚಲಿಲ್ಲವಾ, ಇಷ್ಟು ಹೊತ್ತು ಎಲ್ಲಿದ್ದೆ, ಇವೆಲ್ಲ ತನ್ನೊಬ್ಬಳಿಗೇ. ಥೂ, ಎಂಥ ಸುಲಭದ ಹೋಲಿಕೆ, ಎಂದುಕೊಂಡಳು ತಕ್ಷಣ. ಅಮ್ಮ ಅಮ್ಮ, ಗೆಲಾಕ್ಸಿ ಗೆಲಾಕ್ಸಿ. ಇಂಥದ್ದನ್ನು ಬೇರೆ ಯಾರಾದರೂ ಲೇಖನದಲ್ಲಿ ಬರೆದಿದ್ದರೆ ಅವಳೇ ಕೆಂಪು ಗೆರೆ ಎಳೆಯುತ್ತಿದ್ದಳು. ಆದರೆ ಹೋಲಿಕೆಯನ್ನು ಹೊಡೆದುಹಾಕಿದ ಮೇಲೂ ಮಾತುಗಳು ಉಳಿದವು, ಒಂದೊಂದೂ ತನ್ನ ಹೆಸರಿಗೇ ಬಂದ ಕಾಗದದ ಹಾಗೆ, ಒಂದನ್ನೂ ಒಡೆದು ನೋಡಿರಲಿಲ್ಲ. ಬೇಗ ಬರೋದು ಬೇಡ, ಅಂದಿದ್ದಳು ಬೆಳಿಗ್ಗೆ. ಅಮ್ಮ ಅಷ್ಟು ನಿಧಾನವಾಗಿ ಬಟ್ಟೆ ಮಡಚಿದ್ದನ್ನು ಅವಳು ಎಂದೂ ನೋಡಿರಲಿಲ್ಲ.

"ನಾನು ಮನೆಗೆ ಹೋಗ್ತೀನಿ" ಎಂದಳು.

"ಹುಷಾರಿಲ್ವಾ? ನನ್ನಿಂದಾನಾ ಮೇಡಂ?" ಪುರಾವೆ ಗಾಬರಿಯಾಗಿ ಎದ್ದ.

"ಅಯ್ಯೋ ಅಲ್ಲಪ್ಪ. ನಿಮ್ಮಿಂದಾನೇ, ಆದ್ರೆ ಅದಲ್ಲ. ನಮ್ಮಮ್ಮ ಊರಿಗೆ ಹೊರಟಿದ್ದಾರೆ." ಅವಳು ಚಹಾವನ್ನು ಹಾಗೇ ಬಿಟ್ಟು ಬ್ಯಾಗು ಎತ್ತಿಕೊಂಡಳು. "ಏಳನೆಯದ್ದು ಪಟ್ಟೀಲಿರಲಿ. ನಿಮ್ಮ ಹೆಸರು ಮೊದಲು ಹಾಕಿ."

ಬಸ್ಸು ಬರಲಿಲ್ಲ, ಆಮೇಲೆ ಬಂತು, ಬಂದದ್ದು ಎಲ್ಲ ಸಿಗ್ನಲಿನಲ್ಲೂ ನಿಂತಿತು. ಮನೆಗೆ ಫೋನು ಮಾಡಬಹುದಿತ್ತು. ಎರಡು ಸಲ ತೆಗೆದಳು, ಎರಡು ಸಲ ಒಳಗಿಟ್ಟಳು. ಫೋನಿನಲ್ಲಿ ಅಮ್ಮ "ಏನಕ್ಕೆ?" ಅನ್ನುತ್ತಾಳೆ, ತಾನು "ಏನಿಲ್ಲ, ಸುಮ್ನೆ" ಅನ್ನುತ್ತೇನೆ, ಅದು ಅಲ್ಲಿಗೆ ಮುಗಿಯುತ್ತದೆ. ಎದುರು ಸೀಟಿನಲ್ಲಿ ಒಬ್ಬಳು ಹುಡುಗಿ ತನ್ನ ತಾಯಿಯ ತೋಳಿಗೆ ಒರಗಿ ಬಾಯಿ ಬಿಟ್ಟು ನಿದ್ದೆ ಮಾಡುತ್ತಿದ್ದಳು. ತಾಯಿ ಬಿಸಿಲಿಗೆ ಅಡ್ಡವಾಗಿ ಅಂಗೈ ಹಿಡಿದಿದ್ದಳು. ಅದನ್ನು ನೋಡಿ ಅಳು ಬಂದಂತಾಯಿತು. ನಲವತ್ತೆಂಟಾಯಿತು ನನಗೆ, ಬಸ್ಸಿನಲ್ಲಿ ಅಳುವ ವಯಸ್ಸಾ ಇದು, ಎಂದು ಕಿಟಕಿಯ ಕಡೆ ತಿರುಗಿದಳು. ಒಂದು ವೇಳೆ ಅಮ್ಮನಿಗೇ ಹೋಗುವ ಮನಸ್ಸಿದ್ದರೆ? ಮಗನ ಮನೆ, ಮೊಮ್ಮಕ್ಕಳು, ಯಾಕೆ ಇರಬಾರದು? ಇದ್ದರೆ ಇರಲಿ. ಬೇಡ ಅಂದರೆ ಅನ್ನಲಿ. ತನಗೆ ಏನು ಬೇಕು ಎಂದು ತಾನು ಬಾಯಿ ಬಿಟ್ಟು ಹೇಳಬೇಕಿತ್ತು, ಹೇಳಿಲ್ಲ, ಅಷ್ಟೇ ವಿಷಯ.

ತಮ್ಮನ ಕಾರು ಗೇಟಿನ ಮುಂದೆ ಹೊರಟು ನಿಂತಿತ್ತು. ಇಂಜಿನ್ ಶುರುವಾಗಿತ್ತು. ಅಮ್ಮ ಮುಂದಿನ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು, ಸ್ಕೂಲಿನ ಫೋಟೋಕ್ಕೆ ಕೂತವಳ ಹಾಗೆ ನೆಟ್ಟಗೆ ಕೂತಿದ್ದಳು. ಅತ್ತೆ ಮಂಡಿನೋವಿನ ಕಾಲಲ್ಲಿ ಮೆಟ್ಟಿಲಿಳಿದು ಬಂದು ಕಾರಿನ ಕಿಟಕಿ ಹಿಡಿದು ನಿಂತಿದ್ದರು. ಅವಳು ಹತ್ತಿರ ಬಂದದ್ದನ್ನು ಇಬ್ಬರೂ ಗಮನಿಸಲಿಲ್ಲ.

"ನೀವು ಹೋದ್ರೆ ನಾನು ಯಾರ ಹತ್ರ ಜಗಳ ಆಡ್ಲಿ ಬೀಗ್ರೇ?" ಎನ್ನುತ್ತಿದ್ದರು ಅತ್ತೆ. "ಇವರಿಬ್ಬರೂ ಬೆಳಗಾದ್ರೆ ಬಾಗಿಲು ಎಳ್ಕೊಂಡು ಹೋಗ್ತಾರೆ. ಗೋಡೆ ಹತ್ರ ಆಡ್ಲಾ?"

"ಹಾಲಿನ ಪಾತ್ರೆ ಹತ್ರ ಆಡಿ, ಎದುರು ಮಾತಾಡಲ್ಲ" ಎಂದಳು ಅಮ್ಮ. ಅಂದು, ಅತ್ತೆಯ ಕೈಯ ಮೇಲೆ ತನ್ನ ಕೈ ಇಟ್ಟಳು.

ಅವಳಿಗೆ ನಾಚಿಕೆಯಾಯಿತು. ಯಾರ ಜೊತೆಗಿನ ಅಮ್ಮನ ಜಗಳವನ್ನು ಊರಿಗೆಲ್ಲ ಜೋಕು ಮಾಡಿ ಹೇಳಿದ್ದಳೋ ಆ ಹೆಂಗಸು ಮಂಡಿ ಹಿಡಿದುಕೊಂಡು ಕೆಳಗಿಳಿದು ಬಂದು ಹೇಳಬೇಕಾದದ್ದನ್ನು ಹೇಳಿಬಿಟ್ಟಿದ್ದರು. "ಅಮ್ಮ, ಹೋಗಬೇಡ" ಎಂದಳು. ದನಿ ಜೋರಾಗಿ, ಒರಟಾಗಿ ಹೊರಟಿತು. ಎದುರು ಮನೆಯ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದವರು ತಿರುಗಿ ನೋಡಿದರು.

ತಮ್ಮ ಇಂಜಿನ್ ಆರಿಸಿದ. "ಅಕ್ಕಾ, ಈಗ್ಲಾ? ರೂಮಿಗೆ ಬಣ್ಣ ಹೊಡೆಸಿದ್ದೀನಿ ಕಣೇ. ಹೊಸ ಹಾಸಿಗೆ ತಂದಿದ್ದೀವಿ. ಮಕ್ಕಳು ಆಗ್ಲಿಂದ ಫೋನ್ ಮಾಡ್ತಿದ್ದಾರೆ." ಅವನ ಮುಖ ಚಿಕ್ಕದಾಯಿತು.

ಅಮ್ಮ ಅವಳತ್ತ ತಿರುಗಲಿಲ್ಲ. "ಹೋದ ವಾರ ಕೇಳಿದಾಗ ಬಾಯಲ್ಲಿ ಕಡುಬು ಇಟ್ಕೊಂಡಿದ್ಯಾ? ಒಂದು ಮಾತು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ತಪ್ಪಾಯ್ತು. ನೀನು ಹೋದ್ರೆ ಮನೆ ತಣ್ಣಗಾಗುತ್ತೆ ಅಂದ್ಕೊಂಡೆ, ನಿಜ. ನನಗೆ ತಣ್ಣಗಿರೋದು ಬೇಡ. ನೀನು ಬೇಕು."

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. ಅಮ್ಮ ಗಾಜಿನಾಚೆ ರಸ್ತೆ ನೋಡುತ್ತಾ, "ಬಣ್ಣ ಹೊಡೆಸಿದ ಮಗನಿಗೆ ಏನು ಹೇಳ್ಲಿ ನಾನು? ಅವನೂ ನನ್ನ ಮಗನೇ" ಎಂದಳು.

"ಹೋಗು. ಒಂದು ತಿಂಗಳು ಇದ್ದುಬಾ. ತಿಂಗಳಾಗ್ತಿದ್ದ ಹಾಗೆ ನಾನೇ ಬಂದು ಕರ್ಕೊಂಡು ಬರ್ತೀನಿ."

"ಕೇಳ್ತಿದ್ದೀಯೋ, ಹೇಳ್ತಿದ್ದೀಯೋ?"

"ಹೇಳ್ತಿದ್ದೀನಿ."

ಅಮ್ಮ ಆಗ ತಿರುಗಿ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು, ಶಾಲೆಗೆ ಕಳಿಸುವ ಮೊದಲು ನೋಡುತ್ತಿದ್ದಳಲ್ಲ, ಹಾಗೆ. ಮತ್ತೆ ತಮ್ಮನ ಕಡೆ ತಿರುಗಿ, "ಲೋ, ಡಿಕ್ಕಿ ತೆಗಿ. ಆ ದೊಡ್ಡ ಪೆಟ್ಟಿಗೆ ಇಳಿಸು. ಕೈಚೀಲ ಒಂದಿದ್ರೆ ಸಾಕು ನನಗೆ, ಒಂದು ತಿಂಗಳಿಗೆ ಅದೆಲ್ಲ ಯಾಕೆ?" ಎಂದಳು. ತಮ್ಮ ಅಕ್ಕನನ್ನು ನೋಡಿದ, ಅಮ್ಮನನ್ನು ನೋಡಿದ, "ನಿಮ್ಮಿಬ್ಬರ ಮಧ್ಯೆ ಸಿಕ್ಕೋಬಾರದು ಅಂತ ಅಪ್ಪ ಹೇಳ್ತಿದ್ದಿದ್ದು ಸುಳ್ಳಲ್ಲ" ಎಂದು ಗೊಣಗುತ್ತಾ ಇಳಿದು ಪೆಟ್ಟಿಗೆಯನ್ನು ರಸ್ತೆಯ ಅಂಚಿಗೆ ಇಟ್ಟ. "ನಿಂತ್ಕೊಂಡು ನೋಡ್ತೀಯಲ್ಲ, ಎತ್ಕೊಂಡು ಹೋಗು" ಎಂದಳು ಅಮ್ಮ. "ಮಂಡಿ ಮಡಚಿ ಎತ್ತು. ನೆಟ್ಟಗೆ ಎತ್ತಿ ಸೊಂಟ ಹಿಡಿಸ್ಕೋಬೇಡ. ಮಧ್ಯಾಹ್ನ ಏನಾದ್ರೂ ತಿಂದ್ಯೋ ಇಲ್ವೋ?"

"ಇಲ್ಲ."

"ಗೊತ್ತಿತ್ತು."

ಕಾರು ತಿರುವು ದಾಟಿತು. ಅವಳು ಮಂಡಿ ಮಡಚಿ ಪೆಟ್ಟಿಗೆ ಎತ್ತಲು ನೋಡಿದಳು, ಆಗಲಿಲ್ಲ. ಅತ್ತೆ ಬೇಡವೆಂದರೂ ಕೇಳದೆ ಇನ್ನೊಂದು ಹಿಡಿಗೆ ಕೈ ಹಾಕಿದರು. ಇಬ್ಬರೂ ಮೆಟ್ಟಿಲು ಮೆಟ್ಟಿಲಿಗೂ ನಿಂತು, ಏದುಸಿರು ಬಿಟ್ಟು, ಮೇಲಕ್ಕೆ ತಂದರು. ಪುಸ್ತಕ, ಚಳಿಗಾಲದ ಬಟ್ಟೆ, ಅಪ್ಪನ ಫೋಟೋ, ಹೊಲಿಗೆ ಡಬ್ಬಿ, ಎಲ್ಲವೂ ಅದರಲ್ಲಿರಬೇಕು, ಅಷ್ಟು ಭಾರವಿತ್ತು. ಒಳಗೆ ಬಂದು ನೋಡಿದರೆ ಅಮ್ಮನ ಕೋಣೆಯಲ್ಲಿ ಅಪ್ಪನ ಫೋಟೋ ತೂಗುತ್ತಿದ್ದ ಗೋಡೆಯ ಮೊಳೆ ಕೂಡ ಇರಲಿಲ್ಲ. ಆಮೇಲೆ ಇಲ್ಲಿ ಬಂದು ಯಾರೂ ಹುಡುಕಬಾರದು ಎನ್ನುವ ಹಾಗೆ ಎಲ್ಲವನ್ನೂ ತೆಗೆದುಕೊಂಡು ಹೊರಟಿದ್ದಳು ಅಮ್ಮ. ಅವಳು ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತುಬಿಟ್ಟಳು. ಅತ್ತೆ ಬಾಗಿಲಲ್ಲಿ ನಿಂತು, "ಕೂತು ಅತ್ರೆ ಆಗುತ್ತಾ, ಮೊಳೆ ಹೊಡಿ ಏಳು" ಎಂದು ಸುತ್ತಿಗೆ ಹುಡುಕಲು ಹೋದರು.